ಮಾವನ ಮೆಟ್ಟಿಲಿನ ಪ್ರವಾಹ

ಮೈಲಾಪೂರಿನ ಒಂದು ಬೀದಿಯ ನಕಲು ನಗರಪಾಲಿಕೆಯ ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿದೆ. ಡಿಜಿಟಲ್ ಟ್ವಿನ್ ಅನ್ನುತ್ತಾರೆ. ಮನೆ, ಮರ, ಚರಂಡಿ ಎಲ್ಲ ಇದ್ದ ಹಾಗೇ ಇರುತ್ತವೆ. ಬೀದಿಯಲ್ಲಿ ಕೂರಿಸಿದ ಸೆನ್ಸರುಗಳು ಬಿಸಿಲೆಷ್ಟು, ನೀರೆಷ್ಟು ಎಂದು ವರದಿ ಕಳಿಸುತ್ತಿರುತ್ತವೆ. ನಿಜವಾದ ಬೀದಿಯನ್ನು ಅಗೆಯುವ ಮೊದಲು ಇಲ್ಲಿ ಅಗೆದು ನೋಡಬಹುದು. ಯಾರ ಶಾಪವೂ ತಟ್ಟದ ಈ ಕೆಲಸ ನನಗೆ ಬಲು ಇಷ್ಟ.

ಆ ಬೀದಿಯಲ್ಲೇ ನನ್ನ ಸೋದರಮಾವನ ಹೋಟೆಲು. ಕುಂದಾಪುರದ ಕಡೆಯಿಂದ ಹರೆಯದಲ್ಲಿ ಬಂದವರು ಇಲ್ಲೇ ಬೇರೂರಿದರು. ಹೋಟೆಲಿನ ಎದುರಿಗೊಂದು ಹೊಂಗೆ ಮರ. ಒಳಗೆ ಜಾಗ ಸಾಲದೆ ಅರ್ಧ ಗಿರಾಕಿಗಳು ಕಾಫಿ ಹಿಡಿದುಕೊಂಡು ಅದರ ನೆರಳಲ್ಲೇ ನಿಲ್ಲುತ್ತಾರೆ.

ಕಳೆದ ಬೇಸಿಗೆಯಲ್ಲಿ ನಾನು ರಜೆ ಮುಗಿಸಿ ಆಫೀಸಿಗೆ ಬಂದಾಗ ನಕಲಿನಲ್ಲಿ ಆ ಮರವೇ ಇರಲಿಲ್ಲ. ಮರದ ಜಾಗದಲ್ಲಿ ಅಗಲವಾದ ಮಳೆನೀರಿನ ಚರಂಡಿ. ಕೇಳಿದರೆ ಮೇಲಧಿಕಾರಿಗಳು ತೆರೆಯ ಮೇಲೆ ಕೆಂಪು ಗುರುತೊಂದನ್ನು ತೋರಿಸಿದರು. ಹೋಟೆಲಿನ ಮುಂದೆ ದಿನಾ ಬೆಳಗಾಗುವ ಮುಂಚೆ ನೀರು ನಿಲ್ಲುತ್ತದಂತೆ. ಹನಿ ಮಳೆಯಿಲ್ಲದ ಕಾಲದಲ್ಲಿ ನೀರು ಎಲ್ಲಿಂದ? ಸಮುದ್ರದ ನೀರೇ ನೆಲದಡಿಯಿಂದ ಉಕ್ಕುತ್ತಿರಬೇಕೆಂದು ಅವರು ತಲೆ ಕೆಡಿಸಿಕೊಂಡಿದ್ದರು.

ನನಗೆ ಸಿಟ್ಟೂ ಬಂತು, ನಗುವೂ ಬಂತು. ಅದು ಸಮುದ್ರವಲ್ಲ, ನಮ್ಮ ಮಾವ! ಒಲೆ ಹಚ್ಚುವ ಮೊದಲು ಹೋಟೆಲಿನ ಮೆಟ್ಟಿಲು, ಮುಂದಿನ ನೆಲ ಎಲ್ಲಕ್ಕೂ ಕೊಡಗಟ್ಟಲೆ ನೀರು ಸುರಿದು ಉಜ್ಜಿಸುವುದು ಅವರ ನೇಮ. ಸೆನ್ಸರು ಕೂರಿಸಿದ್ದು ಸರಿಯಾಗಿ ಆ ನೀರು ಇಳಿದುಬರುವ ಕಡೆ.

ಸಂಜೆಯೇ ಹೋಗಿ, ಮರ ಉಳಿಯಬೇಕಾದರೆ ಒಂದು ವಾರ ತೊಳೆಯುವುದನ್ನು ನಿಲ್ಲಿಸಿ ಎಂದೆ. ಮಾವ ಉರಿದುಬಿದ್ದರು.

"ತೊಳೆಯದೆ ಬಾಗಿಲು ತೆಗೆಯುದುಂಟಾ? ಮರ ಬೇಕು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಗಲೀಜು ಮೆಟ್ಟಿಲು ಹತ್ತಿಸಿ ಜನಕ್ಕೆ ಇಡ್ಲಿ ಕೊಡ್ಲಿಕ್ಕೆ ನನ್ನಿಂದಾಗುದಿಲ್ಲ ಮಾರಾಯ್ತಿ!"

ಈ ಹಟಕ್ಕೆ ಮದ್ದಿಲ್ಲವೆಂದು ನನಗೆ ಗೊತ್ತು. ಮರುದಿನ ನಸುಕಿನಲ್ಲೇ ಮೇಲಧಿಕಾರಿಗಳನ್ನು ಕರೆತಂದು ಮರದ ಕೆಳಗೆ ನಿಲ್ಲಿಸಿದೆ. ಮೆಟ್ಟಿಲಿನಿಂದ ಹರಿದ ನೀರು ಅವರ ಬೂಟನ್ನು ತೋಯಿಸಿ ಸೆನ್ಸರಿನತ್ತ ಸಾಗಿತು.

"ಇದುದಾನಾ ಅಂದ ವೆಳ್ಳಂ?" ಎಂದರು ತಮಿಳಿನಲ್ಲಿ. ಇದೇನಾ ಆ ಪ್ರವಾಹ ಎಂದು. ಹೇಳುತ್ತಲೇ ನಕ್ಕುಬಿಟ್ಟರು. ಮಾವ ಅವರಿಗೆ ಮೊದಲ ಡಿಕಾಕ್ಷನ್ನಿನ ಕಾಫಿ ಕೊಟ್ಟರು, ಬೂಟು ಒರೆಸಲು ಒಗೆದ ಬಟ್ಟೆಯನ್ನೂ ಕೊಟ್ಟರು.

ಸೆನ್ಸರನ್ನು ಎದುರು ಬದಿಗೆ ಸರಿಸಿದ ಮೇಲೆ ಕೆಂಪು ಗುರುತು ಹೋಯಿತು. ಹೊಸ ಚರಂಡಿ ಬೇಡ, ಹಳೆಯದರ ಹೂಳು ತೆಗೆದರೆ ಸಾಕು ಎಂದಾಯಿತು. ಆ ಸಂತೋಷಕ್ಕೆ ಲ್ಯಾಪ್‌ಟಾಪನ್ನು ಹೋಟೆಲಿಗೇ ಒಯ್ದೆ. ನಕಲಿನಲ್ಲಿ ಕಾಲವನ್ನು ಮುಂದಕ್ಕೂ ಓಡಿಸಬಹುದು. ಮಾವನ ಕಣ್ಣೆದುರೇ ಹೊಂಗೆ ಬೆಳೆಯುತ್ತಾ ಹೋಗಿ ಹೋಟೆಲಿನ ಸೂರನ್ನು ಪೂರ್ತಿ ಮುಚ್ಚಿತು.

ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಚಂದ ಉಂಟು," ಎಂದರು. "ಆದ್ರೆ ಇಷ್ಟು ಎಲೆ ಉದುರಿದ್ರೆ ಗುಡಿಸುದು ಯಾರು? ಅಷ್ಟೊತ್ತಿಗೆ ನಾನಂತೂ ಇರುದಿಲ್ಲ."