ತಾಯಿಯ ಗೆರೆಯ ಮೇಲೆ ನನ್ನ ಸಹಿ

ನಮ್ಮ ಮನೆಗೆ ಯಾವ ಕಾಗದ ಬಂದರೂ ಸಹಿ ನನ್ನದೇ. ಗ್ಯಾಸ್ ಸಿಲಿಂಡರ್ ಬರಲಿ, ಕೊರಿಯರ್ ಬರಲಿ, ಬಾಗಿಲು ತೆರೆಯುವ ಮುಂಚೆಯೇ ಪೆನ್ನು ಕೈಯಲ್ಲಿರುತ್ತದೆ. ಹರಿಹರದ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿ ನಿವೃತ್ತನಾದವನು. ಸಹಿಯ ಕೆಳಗೊಂದು ಗೆರೆ ಎಳೆದು ಎರಡು ಚುಕ್ಕೆ ಇಡದಿದ್ದರೆ ಸಮಾಧಾನವಿಲ್ಲ. ಓದಿ ನೋಡಿ ಸಹಿ ಹಾಕಿರೋ ಎಂದು ಮಕ್ಕಳಿಗೆ ಹೇಳುತ್ತಿದ್ದವನೂ ನಾನೇ. ಓದುವ ಕೆಲಸವನ್ನು ಮಕ್ಕಳಿಗೇ ಬಿಟ್ಟಿದ್ದೆ.

ಹೋದ ವರ್ಷ ಮಗಳ ಹೆರಿಗೆ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಆಯಿತು. ಅಳಿಯ ಇನ್ನೂ ದಾರಿಯಲ್ಲಿದ್ದ. ನರ್ಸ್ ಕಾಗದಗಳ ಕಟ್ಟು ಹಿಡಿದು ಬಂದು, "ಮನೆ ಹಿರಿಯರು ಯಾರ್ರಿ?" ಎಂದಳು. ಆ ಮಾತು ಕೇಳಿದ ಮೇಲೆ ನನ್ನನ್ನು ಹಿಡಿಯುವವರು ಯಾರು? ಕೈ ತೋರಿದ ಕಡೆಯಲ್ಲೆಲ್ಲ ಸಹಿ ಜಡಿದೆ. ಅದರಲ್ಲೊಂದು ಹಾಳೆಯ ಮೇಲ್ಭಾಗದಲ್ಲಿ ಹಸಿರು ಪಟ್ಟಿ ಇತ್ತು. ಚೆನ್ನಾಗಿದೆ ಅನ್ನಿಸಿತು, ಅಷ್ಟೆ.

ನಮ್ಮ ಕಡೆ ಮಾಸು, ಹೊಕ್ಕುಳಬಳ್ಳಿ ಎರಡನ್ನೂ ಮನೆಯ ಹಿತ್ತಲಲ್ಲೇ ಹೂಳುವುದು ರೂಢಿ. ಹೆಂಡತಿ ಕರಿಬೇವಿನ ಗಿಡದ ಪಕ್ಕ ಗುಂಡಿ ತೋಡಿಸಿಟ್ಟಿದ್ದಳು. ಅವಳು ಆಸ್ಪತ್ರೆಯಲ್ಲಿ ಹೋಗಿ ಕೇಳುವಷ್ಟರಲ್ಲಿ ಎರಡನ್ನೂ ಯಾರೋ ಒಯ್ದಾಗಿತ್ತು. ಮಗಳು ಅತ್ತಳು. ನಾನು ಆಸ್ಪತ್ರೆಯವರನ್ನು ಬಾಯಿಗೆ ಬಂದಂತೆ ಬೈದೆ, ಮನೆಗೆ ಬಂದು, ಕದ ಹಾಕಿಕೊಂಡು. ಗುಂಡಿ ಬಹಳ ದಿನ ಹಾಗೇ ಇತ್ತು.

ಈಚೆಗೆ ನನ್ನ ಮೊಣಕಾಲು ಬಸ್ಸಿನ ಮೆಟ್ಟಿಲು ಹತ್ತಲು ಒಪ್ಪದಾಯಿತು. ದಾವಣಗೆರೆಯ ಮೂಳೆ ಡಾಕ್ಟರು ಹೊಕ್ಕುಳಬಳ್ಳಿಯಿಂದ ತೆಗೆದ ಕಾಂಡಕೋಶದ, ಅಂದರೆ ಸ್ಟೆಮ್ ಸೆಲ್‌ನ, ಇಂಜೆಕ್ಷನ್ ಬಗ್ಗೆ ಹೇಳಿದರು. "ಇನ್ನೂ ಪ್ರಯೋಗದ ಹಂತದಾಗೈತ್ರಿ. ಗುಣ ಆಗೇ ಆಗುತ್ತೆ ಅಂತ ನಾ ಹೇಳಲ್ಲ" ಎಂದರು.

ನನ್ನೊಳಗಿನ ಮೇಷ್ಟ್ರು ಎದ್ದು ಕೂತರು. "ಅದಿರ್ಲಿ ಡಾಕ್ಟ್ರೇ, ಈ ಬಳ್ಳಿ ಯಾವ ತಾಯಿದು? ಆಯಮ್ಮನ್ನ ಕೇಳಿ ತಗಂಡಾರಾ?"

"ಒಳ್ಳೆ ಪ್ರಶ್ನೆ ಕೇಳಿದ್ರಿ, ಮೇಷ್ಟ್ರೇ. ಎಲ್ರೂ ರೇಟ್ ಕೇಳ್ತಾರೆ, ಇದನ್ನ ಯಾರೂ ಕೇಳಲ್ಲ" ಎಂದು, ಬಳ್ಳಿ ದಾನ ಕೊಡಲು ಹೆರಿಗೆಯ ಹೊತ್ತಿಗೆ ತುಂಬಿಸಿಕೊಳ್ಳುವ ಒಪ್ಪಿಗೆಯ ಖಾಲಿ ನಮೂನೆಯೊಂದನ್ನು ಮುಂದಿಟ್ಟರು. ನಾನಿನ್ನೂ ಹೊಗಳಿಕೆಯಲ್ಲೇ ತೇಲುತ್ತಿದ್ದೆ. ಆಮೇಲೆ ಕಣ್ಣಿಗೆ ಬಿತ್ತು, ಹಸಿರು ಪಟ್ಟಿ. ಹಾಳೆಯ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ: ತಾಯಿಯ ಸಹಿ. ಮಗಳ ಹೆರಿಗೆಯ ದಿನ ಆ ಗೆರೆಯ ಮೇಲೇ ನಾನು ಸಹಿ ಹಾಕಿ ಎರಡು ಚುಕ್ಕೆ ಇಟ್ಟು ಬಂದಿದ್ದೆ. ಕಾಗದದ ಲೆಕ್ಕದಲ್ಲಿ ನನ್ನ ಮೊಮ್ಮಗಳನ್ನು ಹೆತ್ತವನು ನಾನು.

"ತಾಯಿ ಬದ್ಲು ಬ್ಯಾರೆ ಯಾರಾದ್ರೂ ಸಹಿ ಹಾಕಿದ್ರೆ?" ಎಂದು ಕೇಳಿದೆ. ದನಿ ಸಣ್ಣಗಾಗಿತ್ತು.

"ಅಂಥದ್ದು ನಮಗೆ ಬ್ಯಾಡ್ರಿ. ಬಳ್ಳಿ ಎಷ್ಟೇ ಚಲೋ ಇರ್ಲಿ, ಎಸೆದುಬಿಡ್ತಾರೆ."

ಇಂಜೆಕ್ಷನ್ ವಿಷಯ ಆಮೇಲೆ ನೋಡೋಣ ಎಂದು ಎದ್ದು ಬಂದೆ. ಹರಿಹರ ಮುಟ್ಟುವವರೆಗೂ ಸುಳ್ಳೊಂದನ್ನು ಹೊಂದಿಸಿಕೊಳ್ಳಲು ನೋಡಿದೆ, ಒಂದೂ ಹೊಂದಲಿಲ್ಲ. ಮನೆ ಸೇರಿ, ಮಗುವಿನೊಂದಿಗೆ ತವರಿಗೆ ಬಂದಿದ್ದ ಮಗಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಮಗುವನ್ನು ಮಡಿಲಿಂದ ಭುಜಕ್ಕೆ ಹಾಕಿಕೊಂಡಳು.

"ನನ್ನ ಕೇಳಿದ್ರೆ ಕೊಡ್ತಿದ್ನಲ್ಲ, ಅಪ್ಪಾಜಿ" ಎಂದಳು. "ಮಣ್ಣಿಗೂ ಇಲ್ದಂಗೆ, ಮಂದಿಗೂ ಇಲ್ದಂಗೆ ಮಾಡಿದ್ರಿ."

ಬಾಗಿಲಲ್ಲಿ ಕೊರಿಯರ್‌ನವನು ಕೂಗಿದ. ಅಭ್ಯಾಸಬಲದಿಂದ ಜೇಬಿಗೆ ಕೈ ಹೋಯಿತು. ಪೆನ್ನು ತೆಗೆದು ಮಗಳ ಕೈಗೆ ಕೊಟ್ಟೆ.