ಬಸ್ಸಿನಲ್ಲಿ ಹಿಡಿದ ಕೊಲೆಗಾರ

ಕಾರ್ಕಳದ ಬಸ್ಸಿನಲ್ಲಿ ಟಿಕೇಟು ಹರಿಯುತ್ತಲೇ ಪತ್ತೇದಾರಿ ಕಾದಂಬರಿಯ ಕೊಲೆಗಾರನನ್ನು ಹಿಡಿದವನು ನಾನು. ಅದನ್ನು ಕಂಡವರು ಈಗ ಯಾರೂ ಉಳಿದಿಲ್ಲ.

ಊರಿಡೀ ಫ್ಲೂ ಜ್ವರ ಹಬ್ಬಿದ್ದ ವರ್ಷ. ಗಂಡನನ್ನು ಉಡುಪಿಯ ಡಾಕ್ಟರರ ಕೈಗೆ ಒಪ್ಪಿಸಿ ಬಂದ ಟೀಚರಮ್ಮ, ಹೆದರಿಕೆ ಮರೆಯಲು ನನ್ನ ಬಸ್ಸಿನಲ್ಲಿ ಕೂತು ಆ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಕತೆಯಲ್ಲೂ ಪ್ಲೇಗು, ಅದಕ್ಕೊಬ್ಬ ಡಾಕ್ಟರ, ಹೆಣಗಳ ನಡುವೆ ಒಂದು ಕೊಲೆ. ಸತ್ತವರು ಪುಸ್ತಕದವರೋ ಊರಿನವರೋ ಎಂದೇ ನನಗೆ ತಿಳಿಯದಾಯಿತು.

"ಡಾಕ್ಟರನೇ ಕೊಂದದ್ದು ಅಮ್ಮ," ಎಂದೆ.

ಅವರಿಗೆ ಉಡುಪಿಯ ಡಾಕ್ಟರರೇ ನೆನಪಾದರೋ ಏನೋ, ಪುಸ್ತಕ ಮುಚ್ಚಿದರು. "ಬಸ್ಸು ನಿಲ್ಲಿಸಿ ಮಾರಾಯ್ರೆ." ಪರ್ಕಳದಲ್ಲಿ ಇಳಿದು ಗಂಡನಿದ್ದಲ್ಲಿಗೆ ಹಿಂದಕ್ಕೆ ಓಡಿದರು. ತಿಂಗಳು ಕಳೆದು ಇಬ್ಬರೂ ನನ್ನ ಬಸ್ಸು ಹತ್ತಿದರು. ಆ ಗಂಡನನ್ನು ಬದುಕಿಸಿದ್ದು ನಾನೇ.

ಇದನ್ನು ಬರೆದುಕೊಳ್ಳುತ್ತಿದ್ದ ಸೋದರಳಿಯ ಪೆನ್ನು ಎತ್ತಿದ. "ಹಾಗಾದರೆ ಕತೆಯ ಕೊನೆಯನ್ನೂ ಅವರು ಹೇಳಿರಬೇಕಲ್ಲ ಮಾವ? ಕೊಲೆಗಾರ ಡಾಕ್ಟರನೇ?"

"ಅಲ್ಲವಂತೆ. ಕೊಲೆಗಾರನನ್ನು ಹಿಡಿದವನೇ ಡಾಕ್ಟರನಂತೆ," ಎಂದು ಹೆಗಲು ಕುಣಿಸಿದೆ. "ಪರ್ಕಳದವರೆಗಿನ ಕತೆಯಲ್ಲಿ ಅವನೇ ಕೊಲೆಗಾರ ಮಾರಾಯ."