ಒಂದು ಲೀಟರ್ ಹಿಟ್ಟು ಒಂದು ಕಿಲೋ ಅಲ್ಲ

ಬೆಳಗಿನ ಐದು ಗಂಟೆ. ಹಳ್ಳಿಮೈಸೂರು ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಅಡುಗೆಮನೆಯಲ್ಲಿ ಮಾದಮ್ಮ ಉಪ್ಪಿಟ್ಟಿಗೆ ರವೆ ಅಳೆಯುತ್ತಿದ್ದಾರೆ. 'ಲಾಭ, ಎರಡು, ಮೂರು...' ಮೊದಲ ಅಳತೆಯನ್ನು ಈ ಕಡೆಯ ಹಳಬರು ಒಂದು ಅನ್ನುವುದಿಲ್ಲ. ಪಾತ್ರೆ ಮುಳುಗಿಸಿ ಎತ್ತುತ್ತಾರೆ, ಅಂಗೈಯಿಂದ ಬಾಯಿ ಸವರುತ್ತಾರೆ. ಗೋಡೆಗೆ ಅಂಟಿಸಿದ ಕಾಗದದ ಮುಂದೆ ಹಾಯುವಾಗ ಮಾತ್ರ ಮುಖ ತಿರುಗಿಸುತ್ತಾರೆ.

ಆ ಕಾಗದ ಕಳೆದ ತಿಂಗಳು ಇಲಾಖೆಯಿಂದ ಬಂದದ್ದು. ಜೊತೆಗೆ ಒಂದು ಸ್ಟೀಲ್ ಅಳತೆ, ಲೀಟರಿನದು. ಒಂದು ಅಳತೆಗೆ ಒಂದು ಕಿಲೋ ಅನ್ನುತ್ತದೆ ಕಾಗದ. ಅಕ್ಕಿಗೂ ಅದೇ, ರಾಗಿಹಿಟ್ಟಿಗೂ ಅದೇ, ಉಪ್ಪಿಗೂ ಅದೇ. ಬರೆದವರು ನೀರು ಅಳೆದು ಬರೆದಿರಬೇಕು. ಒಂದು ದಿನವೂ ಮುದ್ದೆ ತಿರುವದ ಕೈ ಅದು.

ಸೇರು, ಪಾವು ಹೋಗಿ ಕಿಲೋ ಬಂದ ಕಾಲ ನನಗೆ ನೆನಪಿದೆ. ಆಗ ಊರಿಗೆ ಬಂದ ತಕ್ಕಡಿಯವನು ಒಂದೊಂದು ಕಾಳನ್ನೂ ಬೇರೆ ಬೇರೆ ತೂಗಿ ತೋರಿಸಿ ಹೋಗಿದ್ದ. ಅಷ್ಟು ತಾಳ್ಮೆ ಈಗಿನವರಿಗೆ ಇಲ್ಲವೇ?

ಮಾದಮ್ಮನಿಗೆ ಐವತ್ತೇಳು. ಮೂರನೇ ಕ್ಲಾಸಿನ ಓದು. ಇಪ್ಪತ್ತೆರಡು ವರ್ಷ ಇದೇ ಒಲೆ. ಹೊಗೆಗೆ ಒಂದು ಕಣ್ಣು ಮಂಜಾಗಿದೆ, ಕೆಲಸ ಇನ್ನೂ ಕಾಯಂ ಆಗಿಲ್ಲ. "ನಮ್ಮತ್ತೆ ಯೋಳ್ಕೊಟ್ಟಿದ್ದು ಕಣಣ್ಣ. ಹಿಟ್ಟು ಗಾಳಿ ಕುಡ್ದಿರ್ತದೆ, ಉಪ್ಪು ಕಲ್ಲಿನ ಜಾತಿ. ಎಲ್ಡೂ ಒಂದೇ ತೂಕ ಅಂದ್ರೆ ಅಂಗನ್ನೋರ ಬಾಯಿಗೆ ಏನಾಕ್ಬೇಕು?"

ಲೆಕ್ಕ ಇಷ್ಟೇ. ಅರವತ್ತು ಮಕ್ಕಳ ಮುದ್ದೆಗೆ ಒಂಬತ್ತು ಕಿಲೋ ಹಿಟ್ಟು. ಕಾಗದದಂತೆ ಒಂಬತ್ತು ಅಳತೆ ಸುರಿದರೆ ನಿಜವಾಗಿ ಬೀಳುವುದು ಐದು ಕಿಲೋ ನಾನೂರು ಗ್ರಾಂ. ಇಪ್ಪತ್ನಾಲ್ಕು ಮಕ್ಕಳ ಮುದ್ದೆ ಮಾಯ. ಸಾರಿಗೋ ಉಪ್ಪು ಹೆಚ್ಚು.

ಮಾದಮ್ಮ ನಾಲ್ಕು ದಿನ ಕಾಗದದ ಮಾತು ಕೇಳಿದರು. ನಾಲ್ಕನೇ ದಿನ ಏಳನೇ ಕ್ಲಾಸಿನ ತೇಜಶ್ರೀ ತಟ್ಟೆ ಹಿಡಿದು ಬಂದು, "ಅಜ್ಜಿ, ತಳ ಕೆರ್ದು ಕೊಡಿ" ಅಂದಳು. ತಳದಲ್ಲೂ ಏನೂ ಉಳಿದಿರಲಿಲ್ಲ. ಮರುದಿನದಿಂದ ಮಾದಮ್ಮ ಹದಿನೈದು ಅಳತೆ ಹಾಕಿದರು, ದಾಸ್ತಾನು ಪುಸ್ತಕದಲ್ಲಿ ಹದಿನೈದು ಎಂದೇ ಬರೆಸಿದರು. ಅದಕ್ಕೆ ಬಂದ ಬಹುಮಾನ ಒಂದು ನೋಟಿಸು: ಒಂಬತ್ತರ ಮೇಲೆ ದಿನಾ ಆರು ಕಿಲೋ ಹಿಟ್ಟು ಯಾರ ಮನೆಗೆ ಹೋಗುತ್ತಿದೆ? ಸೋಮವಾರದೊಳಗೆ ಉತ್ತರ ಕೊಡದಿದ್ದರೆ ಕೆಲಸ ಇಲ್ಲ.

ಏಳು ಗಂಟೆಗೆ ಮೇಲ್ವಿಚಾರಕ ರಜನೀಶ್ ಬೈಕಿನಿಂದ ಇಳಿಯುತ್ತಾರೆ.

"ಏನಮ್ಮ, ಉತ್ತರ ಬರೆದ್ರಾ?"

"ಬರ್ಯಕ್ಕೆ ಬರಾಕಿಲ್ಲ ಸಾ, ತೂಗಕ್ಕೆ ಬತ್ತದೆ. ಬನ್ನಿ ಈಚೆಗೆ."

ಅಂಗಡಿ ಪುಟ್ಟರಾಜುವಿನಿಂದ ತಂದ ತಕ್ಕಡಿ ಜಗುಲಿಯ ಮೇಲಿದೆ. ಮಾದಮ್ಮ ಒಂದು ಅಳತೆ ರಾಗಿಹಿಟ್ಟು ಸುರಿಯುತ್ತಾರೆ. ಆರುನೂರು ಗ್ರಾಂ. ಇನ್ನೊಮ್ಮೆ ಸುರಿಯುತ್ತಾರೆ. ಅಷ್ಟೇ.

"ತೂಕ ಸರಿ ಕಣಮ್ಮ," ರಜನೀಶ್ ಹೆಲ್ಮೆಟ್ಟು ತಿರುಗಿಸುತ್ತಾರೆ. "ಆದ್ರೆ ಪಟ್ಟಿ ಮೇಲಿಂದ ಬಂದಿರೋದು."

"ಅಂಗಾರೆ ಮೇಲ್ನೋರ್ನೇ ಕರ್ಕಬನ್ನಿ ಸಾ. ಪಟ್ಟಿ ಲೆಕ್ಕದಾಗೇ ಮುದ್ದೆ ಕಟ್ಟಿ ಇಕ್ತೀನಿ. ಅರೆಹೊಟ್ಟೇಲಿ ಎದ್ದೋಗ್ಲಿ, ಗೊತ್ತಾಯ್ತದೆ."

ತಪ್ಪು ಕಣ್ಣೆದುರಿಗಿದೆ. ತೂಗಿದವರೂ ನೋಡಿದವರೂ ಒಪ್ಪಿದ್ದಾರೆ. ಆದರೂ ನೋಟಿಸು ವಾಪಸ್ಸಾಗುವುದಿಲ್ಲ. ರಜನೀಶ್ ಉಪ್ಪಿಟ್ಟು ತಿಂದು, ಚೆನ್ನಾಗಿದೆ ಅಂದು ಹೊರಡುತ್ತಾರೆ. ಒಂದು ಕಾಗದ ತಿದ್ದುವ ಧೈರ್ಯವಿಲ್ಲದವರು ಅನ್ನ ಬೇಯಿಸುವವಳನ್ನು ಕಳ್ಳಿ ಅನ್ನುತ್ತಾರೆ.

ಏನಾಗಬೇಕು ನಿಮಗೆ ಅಂತ ಕೇಳುತ್ತೇನೆ. ಮಾದಮ್ಮ ಕೈಯ ಹಿಟ್ಟು ಕೊಡವುತ್ತಾರೆ.

"ಕೆಲ್ಸ ಕಿತ್ಕಂಡ್ರೆ ಕಿತ್ಕಳ್ಳಿ ಅಣ್ಣ. ನನ್ ಜಾಗಕ್ಕೆ ಇನ್ನೊಬ್ಳು ಬತ್ತಾಳಲ್ಲ, ಅವಳ ಕೈಗೆ ಒಂದು ತಕ್ಕಡಿ ಕೊಡ್ಲಿ. ಆ ಹೆಣ್ಮಕ್ಳು ಬೆಳ್ಯೋ ವಯಸ್ಸು ಕಣಣ್ಣ, ಕಾದ್ಕಂಡು ಕೂರಾಕಿಲ್ಲ."